ಹಗ್ಗವಲ್ಲ, ಜನ ಬೇಕು!

ರಾತ್ರಿ ಪಾಳಿ. ಒಂದು ಸರಕಾರಿ ಆಸ್ಪತ್ರೆಯ ಮನೋರೋಗಿಗಳ ವಾರ್ಡು. ಮಂಚಗಳು ಭರ್ತಿಯಾಗಿ ನೆಲದ ಮೇಲೂ ಹಾಸಿಗೆ ಬಿದ್ದಿವೆ. ಇಷ್ಟು ಜನರನ್ನು ಬೆಳಗಿನತನಕ ನೋಡಿಕೊಳ್ಳಲು ಒಬ್ಬ ನರ್ಸಮ್ಮ, ಒಬ್ಬ ಅಟೆಂಡರು. ಮೂರು ರಾತ್ರಿಯಿಂದ ಕಣ್ಣು ಮುಚ್ಚದ ಹಮಾಲಿಯೊಬ್ಬ ಸಂಜೆಯಿಂದ ಒಂದೇ ಮಾತು ಕೇಳುತ್ತಿದ್ದಾನೆ: "ಅಕ್ಕಾ, ಮನೀಗೆ ಒಂದು ಫೋನ್ ಹಚ್ಚಿಕೊಡ್ರಿ, ಮಗಳಿಗೆ ಜ್ವರ ಐತಿ." ನರ್ಸಮ್ಮನಿಗೆ ಕೇಳಿಸಿದೆ. ಆದರೆ ಆಕೆಯ ಕೈಯಲ್ಲಿ ಇಂಜೆಕ್ಷನ್ನು. ಆಚೆ ಮೂಲೆಯಲ್ಲಿ ಒಬ್ಬನಿಗೆ ಫಿಟ್ಸು. ಬಾಗಿಲಲ್ಲಿ ಹೊಸದಾಗಿ ಬಂದ ರೋಗಿ. "ಇರಪ್ಪ, ಬಂದೆ" ಎಂದು ನಾಲ್ಕು ಸಲ ಹೇಳಿದಳು. ನಾಲ್ಕು ಸಲವೂ ಬರಲಾಗಲಿಲ್ಲ. ಹನ್ನೊಂದು ಗಂಟೆಗೆ ಸ್ಟೀಲ್ ತಟ್ಟೆ ಹಾರಿತು. ಆಕೆಯ ಹುಬ್ಬು ಒಡೆದು ನಾಲ್ಕು ಹೊಲಿಗೆ ಬಿದ್ದವು. ಹಮಾಲಿಯನ್ನು ಹರಿದ ಬೆಡ್‌ಶೀಟಿನಿಂದ ಮಂಚಕ್ಕೆ ಕಟ್ಟಲಾಯಿತು.

ಬೆಳಗಾಯಿತು. ಹಮಾಲಿ ತನ್ನ ಮೂತ್ರದಲ್ಲೇ ಮಲಗಿದ್ದ. ಔಷಧದ ಮಂಪರು ಇಳಿದಾಗ "ನಾ ಏನ್ ಮಾಡಿದ್ನಿ?" ಎಂದು ಕೇಳಿದ. ಯಾರೂ ಹೇಳಲಿಲ್ಲ. ನರ್ಸಮ್ಮನಿಗೆ ಎಂಟು ಗಂಟೆಗೆ ಒಂದು ಮೆಮೊ ಸಿಕ್ಕಿತು: 'ಕರ್ತವ್ಯದಲ್ಲಿ ಅಜಾಗರೂಕತೆ, ಮೂರು ದಿನದೊಳಗೆ ಉತ್ತರಿಸುವುದು.' ಆ ರಾತ್ರಿಯೇ ಮತ್ತೆ ಅದೇ ವಾರ್ಡಿನಲ್ಲಿ ಆಕೆಯ ಪಾಳಿ.

ಹೊಲಿಗೆ ಬಿಚ್ಚುವ ಮೊದಲೇ ಆ ಮೆಮೊ ಹಿಡಿದುಕೊಂಡು ಆ ತಂಗಿ ನಮ್ಮ ಪಕ್ಷದ ಕಚೇರಿಯ ಮೆಟ್ಟಿಲು ಹತ್ತಿದಳು. ಆಸ್ಪತ್ರೆಯ ಹೆಸರನ್ನು ನಾವು ಬರೆಯುವುದಿಲ್ಲ. ಬರೆದರೆ ಏಟು ಬೀಳುವುದು ಗುತ್ತಿಗೆಯ ಮೇಲೆ ದುಡಿಯುವ ಆ ತಂಗಿಯ ಅನ್ನದ ಮೇಲೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವ ಈ ರಾಜ್ಯದಲ್ಲಿ ಇಷ್ಟು ಎಚ್ಚರಿಕೆ ಬೇಕೇ ಬೇಕು.

ಇಂಥ ಸುದ್ದಿ ಹೊರಬಿದ್ದಾಗಲೆಲ್ಲ ಊರಿನಲ್ಲಿ ಮೂರು ಮಾತು ಕೇಳಿಬರುತ್ತವೆ. ಚಹಾದ ಅಂಗಡಿಯಲ್ಲಿ: "ಹುಚ್ಚರಿಗೆ ಬೇಡಿಯೇ ಮದ್ದು." ಪತ್ರಿಕೆಯಲ್ಲಿ: "ನರ್ಸುಗಳಿಗೆ ಕರುಣೆಯೇ ಇಲ್ಲ." ಅಧಿಕಾರಿಯ ಬಾಯಲ್ಲಿ: "ವಿಚಾರಣೆ ನಡೆಯುತ್ತಿದೆ." ಮೊದಲಿನದು ರೋಗಿಯ ಮೇಲೆ ಹೊರೆ ಹಾಕುತ್ತದೆ, ಎರಡನೆಯದು ನರ್ಸಿನ ಮೇಲೆ, ಮೂರನೆಯದು ಕಡತದ ಮೇಲೆ. ವಾರ್ಡಿಗೆ ಇಬ್ಬರನ್ನು ಮಾತ್ರ ಕಳುಹಿಸಿದವರು ಯಾರು ಎಂಬ ಪ್ರಶ್ನೆ ಈ ಮೂರರಲ್ಲಿ ಎಲ್ಲಿದೆ? ಅದನ್ನು ನಾವು ಕೇಳುತ್ತೇವೆ.

ಏಟು ಎಲ್ಲಿಂದ ಬರುತ್ತದೆ?

ಮನಸ್ಸಿನ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಅವರ ಪಾಲಿಗೆ ಹೆಚ್ಚು. ಕೈ ಎತ್ತುವ ಕೆಲವರೂ ಸುಮ್ಮಸುಮ್ಮನೆ ಎತ್ತುವುದಿಲ್ಲ. ಅನ್ನದಲ್ಲಿ ವಿಷ ಬೆರೆಸಿದ್ದಾರೆಂದು ನಂಬಿದವನು ತಟ್ಟೆ ಎಸೆಯುತ್ತಾನೆ. ಕಿವಿಯಲ್ಲಿ ಇಲ್ಲದ ದನಿಗಳು ಬೈಯುತ್ತಿರುವವನು ಎದುರಿಗೆ ನಿಂತವನನ್ನೇ ಬೈಗಳದ ಒಡೆಯನೆಂದು ತಿಳಿಯುತ್ತಾನೆ. ಇದು ಕಾಯಿಲೆಯ ಪಾಲು. ಇನ್ನು ವಾರ್ಡಿನ ಪಾಲೂ ಇದೆ: ಬೀಗ ಹಾಕಿದ ಬಾಗಿಲು, ಗದ್ದಲ, ಸೆಕೆ, ಹಸಿವು, ಬೀಡಿ ಇಲ್ಲ, ಮನೆಗೆ ಹೋಗುವುದು ಯಾವಾಗ ಎಂದು ಹೇಳುವವರಿಲ್ಲ, ಕೇಳಿದ ಮಾತಿಗೆ ಉತ್ತರವಿಲ್ಲ.

ಗಿರಣಿಯ ಅಣ್ಣಂದಿರೇ, ಇದು ನಿಮಗೆ ಹೊಸದೇ? ಬಾಕಿ ಪಗಾರ ಕೇಳಲು ಗೇಟಿನ ಮುಂದೆ ನಾಲ್ಕು ತಾಸು ನಿಲ್ಲಿಸಿ, ಮ್ಯಾನೇಜರು ಒಳಗೆ ಕೂತು ಚಹಾ ಕುಡಿದರೆ, ಐದನೆಯ ತಾಸಿಗೆ ಯಾರೋ ಒಬ್ಬ ಕಲ್ಲು ಎತ್ತುತ್ತಾನೆ. ಮರುದಿನ ಕಲ್ಲು ಸುದ್ದಿಯಾಗುತ್ತದೆ. ನಾಲ್ಕು ತಾಸು ಸುದ್ದಿಯಾಗುವುದಿಲ್ಲ.

ಈ ಕೆಲಸಕ್ಕೊಂದು ವಿದ್ಯೆಯಿದೆ

ಕೋಪಗೊಂಡ ರೋಗಿಯನ್ನು ಸಂಭಾಳಿಸುವುದು ತೋಳ್ಬಲದ ಕೆಲಸವೆಂದು ಜನ ತಿಳಿದಿದ್ದಾರೆ. ಅದು ಕಲಿತು ಮಾಡುವ ಕಸುಬು. ಈ ಕಸುಬನ್ನು ಕಲಿಸುವ ಮನೋರೋಗ ಶುಶ್ರೂಷೆಯ ಡಿಪ್ಲೊಮಾ 1950ರ ದಶಕದಲ್ಲಿಯೇ ನಮ್ಮ ಬೆಂಗಳೂರಿನಲ್ಲಿ, ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಆರಂಭವಾಯಿತು.

ಕಲಿತ ನರ್ಸು ಏಟು ಬೀಳುವ ತನಕ ಕಾಯುವುದಿಲ್ಲ. ಒಬ್ಬನು ಅತ್ತಿಂದಿತ್ತ ಬಿರಬಿರನೆ ನಡೆಯತೊಡಗಿದರೆ, ದನಿ ಏರಿದರೆ, ಮುಷ್ಟಿ ಬಿಗಿದರೆ, ದವಡೆ ಕಚ್ಚಿದರೆ ಆಕೆಗೆ ಗೊತ್ತಾಗುತ್ತದೆ. ಸುತ್ತ ನಿಂತು ನೋಡುವವರನ್ನು ದೂರ ಕಳುಹಿಸುತ್ತಾಳೆ. ನೋಡುವವರಿದ್ದರೆ ಸೋಲುವುದು ಯಾವ ಗಂಡಸಿಗೂ ಕಷ್ಟ. ಎದುರೆದುರು ನಿಲ್ಲದೆ ಸ್ವಲ್ಪ ಓರೆಯಾಗಿ, ಕೈಗೆ ಸಿಗದಷ್ಟು ದೂರ, ಎರಡೂ ಅಂಗೈ ಕಾಣುವಂತೆ ನಿಲ್ಲುತ್ತಾಳೆ. ಅವನಿಗೂ ತನಗೂ ಬಾಗಿಲಿನ ದಾರಿ ಬಿಟ್ಟಿರುತ್ತಾಳೆ. ಹತ್ತು ಜನ ಕೂಗುವ ಬದಲು ಒಬ್ಬರೇ ಮಾತಾಡಬೇಕು, ದನಿ ತಗ್ಗಿರಬೇಕು, ಮಾತು ಚಿಕ್ಕದಿರಬೇಕು. "ನಿನಗೆ ಈಗ ಏನು ಬೇಕು, ಹೇಳು" ಎಂದು ಕೇಳಿ, ಕೇಳಿದ ಮೇಲೆ ಸುಮ್ಮನಿರಬೇಕು. ವಾದಿಸಬಾರದು. ನಾಳೆ ಕೊಡಲಾಗದ್ದನ್ನು ಇಂದು ಕೊಡುತ್ತೇನೆನ್ನಬಾರದು. "ನೀರು ಕುಡಿದು ಕೂರುತ್ತೀಯೋ, ಹೊರಗೆ ಜಗಲಿಯಲ್ಲಿ ನಡೆದಾಡುತ್ತೀಯೋ" ಎಂದು ಎರಡು ದಾರಿ ತೋರಿಸಿ, ಆರಿಸುವ ಮಾನವನ್ನು ಅವನಿಗೆ ಬಿಡಬೇಕು. ಔಷಧ ಬೇಕಾದರೆ ಮೊದಲು ಬಾಯಿಗೆ ಕೊಡುವ ಮಾತು, ಆಮೇಲೆ ಸೂಜಿಯ ಮಾತು.

ಪೇಟೆಯ ಬಂಧುಗಳೇ, ಉದ್ರಿ ಲೆಕ್ಕದ ಜಗಳದಲ್ಲಿ ಗಲ್ಲೆಗೆ ಗುದ್ದುವ ಗಿರಾಕಿಯನ್ನು "ಬರ್ರಿ, ಕೂಡ್ರಿ, ಪುಸ್ತಕ ನೋಡೋಣ" ಎಂದು ತಣ್ಣಗೆ ಮಾಡುವ ನಿಮಗೆ ಈ ವಿದ್ಯೆಯ ಬೆಲೆ ತಿಳಿದಿದೆ. ಅದಕ್ಕೆ ಎಷ್ಟು ಹೊತ್ತು ಬೇಕೆಂಬುದೂ ತಿಳಿದಿದೆ. ಹತ್ತು ನಿಮಿಷ ಬೇಕು, ಅರ್ಧ ತಾಸು ಬೇಕು. ಆ ಅರ್ಧ ತಾಸು ಉಳಿದ ರೋಗಿಗಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರೇ ಇಲ್ಲದಿದ್ದರೆ ವಿದ್ಯೆಯಿದ್ದೂ ಏನು ಪ್ರಯೋಜನ?

ಮಾತೆಲ್ಲ ಸೋತು ಹಿಡಿಯಲೇಬೇಕಾದಾಗಲೂ ಅದಕ್ಕೊಂದು ರೀತಿಯಿದೆ. ಕೈಕಾಲಿಗೆ ಒಬ್ಬೊಬ್ಬರು, ತಲೆ ಮತ್ತು ಉಸಿರು ನೋಡಿಕೊಳ್ಳಲು ಒಬ್ಬರು, ಒಟ್ಟು ಐದು ಜನ ಬೇಕು. ಎದೆಯ ಮೇಲೆ, ಬೆನ್ನ ಮೇಲೆ ಭಾರ ಬೀಳಬಾರದು. ಕಟ್ಟಿದರೆ ಬೆರಳು ತಣ್ಣಗಾಗಿದೆಯೇ, ನಾಡಿ ಹೇಗಿದೆ ಎಂದು ಮತ್ತೆ ಮತ್ತೆ ನೋಡಬೇಕು, ನೀರು ಕೊಡಬೇಕು, ಮೂತ್ರಕ್ಕೆ ಬಿಡಬೇಕು, ಶಾಂತನಾದ ಕೂಡಲೇ ಬಿಚ್ಚಬೇಕು. ಇದರಲ್ಲಿ ತಪ್ಪಿದರೆ ಏನಾಗುತ್ತದೆ? 1998ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರಿಚ್ ಊರಿನಲ್ಲಿ ಡೇವಿಡ್ ಬೆನೆಟ್ ಎಂಬ ಕರಿಯ ರೋಗಿಗೆ ಇನ್ನೊಬ್ಬ ರೋಗಿ ಬಣ್ಣ ಹಿಡಿದು ಬೈದ. ಜಗಳವಾಯಿತು. ಬೇರೆ ವಾರ್ಡಿಗೆ ಎತ್ತಿಹಾಕಿದ್ದು ಬೈದವನನ್ನಲ್ಲ, ಬೆನೆಟ್‌ನನ್ನು. ಅವನು ನರ್ಸಿಗೆ ಹೊಡೆದ. ಹಲವರು ಸೇರಿ ಸುಮಾರು 25 ನಿಮಿಷ ಬೋರಲು ಹಾಕಿ ಅದುಮಿದರು. ಅವನು ಸತ್ತ. 2004ರಲ್ಲಿ ಹೊರಬಿದ್ದ ವಿಚಾರಣಾ ವರದಿ, ಯಾರನ್ನೂ 3 ನಿಮಿಷಕ್ಕಿಂತ ಹೆಚ್ಚು ಬೋರಲು ಅದುಮಿ ಹಿಡಿಯಕೂಡದೆಂದಿತು. ಅನ್ಯಾಯದಿಂದ ಹುಟ್ಟಿದ ಕೋಪಕ್ಕೆ ಬಲವೇ ಉತ್ತರವಾದಾಗ ಹೆಣ ಬೀಳುತ್ತದೆ. ಸಿರಿವಂತ ದೇಶದಲ್ಲೂ ಬೀಳುತ್ತದೆ.

ಸಂಕೋಲೆ ಬಿಚ್ಚಿದ ಚಮ್ಮಾರ

ಹಾಗಾದರೆ ಕಟ್ಟದೆ ನಡೆಸಲು ಸಾಧ್ಯವೇ ಎಂದು ಕೇಳುವವರಿಗೆ ಇತಿಹಾಸದ ಒಂದು ಪುಟ ತೋರಿಸುತ್ತೇವೆ. ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಮನೋರೋಗಿಗಳ ಸಂಕೋಲೆ ಬಿಚ್ಚಿದವರು ಡಾಕ್ಟರ್ ಫಿಲಿಪ್ ಪಿನೆಲ್ ಎಂದು ಪುಸ್ತಕಗಳು ಬಹಳ ಕಾಲ ಹೇಳಿಕೊಂಡು ಬಂದವು, ಚಿತ್ರಗಳೂ ಬಂದವು. ನಿಜವಾಗಿ 1797ರಲ್ಲಿ ಅಲ್ಲಿ ಕಬ್ಬಿಣ ಬಿಚ್ಚಿಸಿದವನು ವಾರ್ಡಿನ ಮೇಲ್ವಿಚಾರಕ ಜಾನ್ ಬಾಪ್ತಿಸ್ತ್ ಪ್ಯುಸ್ಸಾಂ. ಕಸುಬಿನಿಂದ ಚರ್ಮ ಹದ ಮಾಡುವವನು. ಗಂಟಲಮಾಲೆಯ ರೋಗಕ್ಕೆ ಚಿಕಿತ್ಸೆಗೆಂದು ಅದೇ ಆಸ್ಪತ್ರೆಗೆ ಬಂದು, ವಾಸಿಯಾಗಿ, ಅಲ್ಲೇ ಕೆಲಸಕ್ಕೆ ನಿಂತವನು. ಹೆಂಡತಿ ಮಾರ್ಗರಿತ್ ಜೊತೆಗೂಡಿ ದುಡಿದಳು. ಆಳುಗಳು ರೋಗಿಗಳಿಗೆ ಹೊಡೆಯಕೂಡದೆಂದು ಕಟ್ಟುಮಾಡಿದವನೂ ಇವನೇ. ಪಿನೆಲ್ ಪ್ರಾಮಾಣಿಕ ಮನುಷ್ಯ. ತಾನು ಇವನಿಂದ ಕಲಿತೆನೆಂದು ಬರೆದಿಟ್ಟ. ಹೆಸರು ಮಾತ್ರ ಡಾಕ್ಟರಿಗೆ ಉಳಿಯಿತು. ಇದರಲ್ಲಿ ನಮಗೇನೂ ಆಶ್ಚರ್ಯವಿಲ್ಲ. ಬಟ್ಟೆ ನೇಯ್ದವನ ಹೆಸರನ್ನು ಯಾವ ಗಿರಣಿ ಥಾನಿನ ಮೇಲೆ ಒತ್ತಿದೆ?

ಇಂದಿನ ಸಾಕ್ಷಿಯೂ ಇದೆ. ಲಂಡನ್ನಿನಲ್ಲಿ ಲೆನ್ ಬೋವರ್ಸ್ ಎಂಬವರು ಮನೋರೋಗ ನರ್ಸಾಗಿ ದುಡಿದು ಮುಂದೆ ಪ್ರಾಧ್ಯಾಪಕರಾದವರು. ಅವರ ತಂಡ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಒಂದು ಪ್ರಯೋಗ ನಡೆಸಿ 2015ರಲ್ಲಿ ಪ್ರಕಟಿಸಿತು. ಅವರು ಮಾಡಿದ್ದೇನು? ರೋಗಿಗೆ ಕೆಟ್ಟ ಸುದ್ದಿ ಬರಬಹುದೇ ಎಂದು ಗಮನಿಸುತ್ತಿದ್ದು, ಬಂದರೆ ಕೂಡಲೇ ಜೊತೆಗೆ ಕೂತು ಸಮಾಧಾನ ಹೇಳುವುದು. ರೋಗಿಯೂ ನರ್ಸೂ ಒಬ್ಬರನ್ನೊಬ್ಬರು ಅರಿಯುವುದು. ಪಾಳಿ ಬದಲಾಗುವಾಗ ಪ್ರತಿಯೊಬ್ಬ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳುವುದು. ಗಲಾಟೆಯಾದ ಮೇಲೆ ವಾರ್ಡಿನ ಪ್ರತಿಯೊಬ್ಬ ರೋಗಿಯ ಬಳಿ ಹೋಗಿ ಧೈರ್ಯ ಹೇಳುವುದು. ಇಂಥ ಹತ್ತು ಸಾದಾ ಕ್ರಮಗಳು. ಫಲ? ಜಗಳ-ಗಲಾಟೆ ನೂರಕ್ಕೆ 15ರಷ್ಟು ಇಳಿಯಿತು. ಹಿಡಿಯುವುದು, ಕೂಡಿಹಾಕುವುದು, ಬಲವಂತದ ಔಷಧ ಇವೆಲ್ಲ ನೂರಕ್ಕೆ 26ರಷ್ಟು ಇಳಿದವು. ಹೊಸ ಯಂತ್ರ ಬಂದಿರಲಿಲ್ಲ. ಬಂದದ್ದು ಮಾತು ಮತ್ತು ಮಾತಾಡಲು ಬಿಡುವು.

ಕಾನೂನಿನ ಎರಡು ನಾಲಿಗೆ

ನಮ್ಮ ದೇಶದಲ್ಲಿ ಕಾನೂನಿಲ್ಲವೆಂದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಬಳಿಯ ಒಂದು ಖಾಸಗಿ ಆಶ್ರಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾರದೆ ಬೆಂದರು. ಸತ್ತವರು 28 ಜನ. ದೇಶ ಒಂದು ವಾರ ಅತ್ತಿತು. 2017ರಲ್ಲಿ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಬಂತು, 2018ರಲ್ಲಿ ಜಾರಿಯಾಯಿತು.

ಒಳ್ಳೆಯ ಕಾಯಿದೆ. ಯಾವ ರೂಪದಲ್ಲೂ ಸರಪಳಿ ಕೂಡದು ಎನ್ನುತ್ತದೆ 95ನೆಯ ಕಲಮು. ಒಂಟಿ ಕೋಣೆಯಲ್ಲಿ ಕೂಡಿಹಾಕಕೂಡದು. ರೋಗಿಗೋ ಬೇರೆಯವರಿಗೋ ಕೂಡಲೇ ಆಗಲಿರುವ ಹಾನಿ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಅಗತ್ಯವಿದ್ದಷ್ಟೇ ಹೊತ್ತು ಕಟ್ಟಬಹುದು. ಕಾರಣವನ್ನೂ ಹೊತ್ತನ್ನೂ ಕೂಡಲೇ ಬರೆದಿಡಬೇಕು. ರೋಗಿ ಹೆಸರಿಸಿದ ಪ್ರತಿನಿಧಿಗೆ 24 ತಾಸಿನೊಳಗೆ ತಿಳಿಸಬೇಕು. ಶಿಕ್ಷೆಗಾಗಿ ಕಟ್ಟಕೂಡದು ಎನ್ನುತ್ತದೆ 97ನೆಯ ಕಲಮು. ಅದರಲ್ಲೇ ಇನ್ನೊಂದು ಮಾತಿದೆ, ಓದುಗರು ಗಮನಿಸಬೇಕು: ಸಿಬ್ಬಂದಿ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಕಟ್ಟಕೂಡದು. ಕಾಯಿದೆ ಮುರಿದವರಿಗೆ ಮೊದಲ ತಪ್ಪಿಗೆ 6 ತಿಂಗಳವರೆಗೆ ಸೆರೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಸರಿ. ಒಪ್ಪಿದೆವು. ಹಾಗಾದರೆ ಸಿಬ್ಬಂದಿ ಕಡಿಮೆ ಮಾಡಿದವರಿಗೆ ಏನು ಶಿಕ್ಷೆ? ಅದೇ ಕಾಯಿದೆಯ 31ನೆಯ ಕಲಮು ತೆರೆಯಿರಿ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿಯನ್ನು, ಜಗತ್ತು ಒಪ್ಪಿದ ಪ್ರಮಾಣದಲ್ಲಿ, ಕಾಯಿದೆ ಜಾರಿಯಾದ ಹತ್ತು ವರ್ಷದೊಳಗೆ ಒದಗಿಸಲು ಸರಕಾರ 'ಪ್ರಯತ್ನಿಸತಕ್ಕದ್ದು'! ನರ್ಸಿಗೆ 'ಕೂಡದು', ಸರಕಾರಕ್ಕೆ 'ಪ್ರಯತ್ನ'. ರಾತ್ರಿ ಹನ್ನೊಂದು ಗಂಟೆಗೆ ಒಬ್ಬಂಟಿ ನಿಂತವಳಿಗೆ ದಂಡ. ಹುದ್ದೆ ತುಂಬದೆ ಕಡತ ಕಟ್ಟಿಟ್ಟವನಿಗೆ ಬಡ್ತಿ. ಆ ಹತ್ತು ವರ್ಷ 2028ಕ್ಕೆ ತುಂಬುತ್ತದೆ. ಪ್ರಯತ್ನ ಎಲ್ಲಿಯವರೆಗೆ ಬಂತೆಂದು ಶಾಸನಸಭೆಯಲ್ಲಿ ಕೇಳಿದವರು ಯಾರು?

ನಾವು ಪಕ್ಷದ ಕೆಲಸಕ್ಕೆ ಬರುವ ಮುಂಚೆ ಶಾಲೆಯ ಮಾಸ್ತರಿಕೆ ಮಾಡಿದವರು. ಎರಡು ತರಗತಿ ಕೂಡಿಸಿ ಒಂದೇ ಕೋಣೆಯಲ್ಲಿ ತುಂಬಿದಾಗ ನಮ್ಮ ಕೈಯಲ್ಲೂ ಬೆತ್ತವಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ. ಮೂವತ್ತು ಹುಡುಗರಿದ್ದ ವರ್ಷ ಬೆತ್ತ ಗೋಡೆಯ ಮೂಲೆಯಲ್ಲಿತ್ತು. ಎಪ್ಪತ್ತಾದ ವರ್ಷ ಕೈಗೆ ಬಂತು. ನಮ್ಮ ಗುಣ ಒಂದು ವರ್ಷದಲ್ಲಿ ಕೆಟ್ಟಿತೇ? ಹಾಗೆಂದು ಹೊಡೆಸಿಕೊಂಡ ಹುಡುಗನ ಅಂಗೈ ಉರಿ ಸುಳ್ಳಾಗುವುದಿಲ್ಲ. ಹೊಡೆದ ಕೈ ನಮ್ಮದು, ಅದರ ತಪ್ಪು ನಮ್ಮದೇ. ಬೆತ್ತ ಬೇಡವೆಂದ ಕಾನೂನು ಸರಿ. ಆದರೆ ಎರಡನೆಯ ಮಾಸ್ತರನನ್ನು ಕೊಡದ ಕಾನೂನು ಅರ್ಧ ಕಾನೂನು. ಹಗ್ಗದ ಕಥೆಯೂ ಇದೇ.

ಗಲಾಟೆ ಮುಗಿದ ಮೇಲೆ

ಈಗ ಮರುದಿನದ ಮಾತು. ಗಿರಣಿಯಲ್ಲಿ ಯಂತ್ರಕ್ಕೆ ಬೆರಳು ಸಿಕ್ಕರೆ ಏನಾಗುತ್ತದೆ? ಅಪಘಾತದ ಪುಸ್ತಕದಲ್ಲಿ ಬರೆಯಬೇಕು, ಇ.ಎಸ್.ಐ. ಆಸ್ಪತ್ರೆ, ಪರಿಹಾರ, ಯಂತ್ರಕ್ಕೆ ಕಟಕಟೆ ಹಾಕಿದ್ದರೋ ಇಲ್ಲವೋ ಎಂಬ ಪ್ರಶ್ನೆ. ಇದು ಪುಕ್ಕಟೆ ಸಿಕ್ಕಿದ್ದಲ್ಲ. ನಮ್ಮ ಹಿರಿಯರು ಲಾಠಿ ತಿಂದು ಪಡೆದದ್ದು. ವಾರ್ಡಿನಲ್ಲಿ ನರ್ಸಿನ ಹುಬ್ಬು ಒಡೆದರೆ ಮೊದಲು ಬರುವ ಪ್ರಶ್ನೆ: "ನೀನು ಅವನಿಗೆ ಏನಂದೆ?" ಎಷ್ಟೋ ಕಡೆ ಏಟನ್ನು ಬರೆದಿಡುವುದೇ ಇಲ್ಲ, ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಎಂದು ಹಿರಿಯ ನರ್ಸುಗಳೇ ಕಿರಿಯರಿಗೆ ಹೇಳಿ ಅಭ್ಯಾಸ ಮಾಡಿಸಿದ್ದಾರೆ. ಏಟು ತಿಂದವಳಿಗೆ ನಿದ್ದೆ ಹಾರುತ್ತದೆ. ಹಿಂದೆ ಹೆಜ್ಜೆ ಸದ್ದಾದರೆ ಬೆಚ್ಚುತ್ತಾಳೆ. ತನ್ನದೇ ತಪ್ಪೆಂದು ಒಳಗೊಳಗೆ ಬೇಯುತ್ತಾಳೆ. ಆಮೇಲೆ ರೋಗಿಗಳಿಂದ ದೂರ ನಿಲ್ಲತೊಡಗುತ್ತಾಳೆ. ದೂರ ನಿಂತ ನರ್ಸಿಗೆ ಬಿಗಿದ ಮುಷ್ಟಿ ಕಾಣುವುದಿಲ್ಲ. ಹೀಗೆ ಒಂದು ಏಟು ಇನ್ನೊಂದಕ್ಕೆ ದಾರಿ ಮಾಡುತ್ತದೆ.

ಕಟ್ಟಿಸಿಕೊಂಡವನ ಗತಿಯೇನು? ಅವನ ಪಾಲಿಗೆ ಅದು ಚಿಕಿತ್ಸೆಯಲ್ಲ, ಸೇಡು. ಯಾಕೆ ಕಟ್ಟಿದೆವು, ಆಗ ನಿನಗೆ ಏನಾಗಿತ್ತು, ಮುಂದಿನ ಸಲ ಹಾಗಾಗುವ ಮೊದಲು ನಮಗೆ ಹೇಗೆ ತಿಳಿಸುತ್ತೀ ಎಂದು ಅವನೊಡನೆ ಕೂತು ಮಾತಾಡಬೇಕು. ತಪ್ಪಾಗಿದ್ದರೆ ತಪ್ಪಾಯಿತೆನ್ನಬೇಕು. ನಮ್ಮ ಹಮಾಲಿಯೊಡನೆ ಯಾರಾದರೂ ಕೂತಿದ್ದರೆ ಸಿಗುತ್ತಿದ್ದ ಉತ್ತರ ಒಂದೇ: ಮನೆಗೆ ಒಂದು ಫೋನು. ಮಂಚದ ಕೆಳಗೆ ಅಡಗಿ ನಡುಗುತ್ತಿದ್ದ ಉಳಿದ ರೋಗಿಗಳನ್ನು ಮಾತಾಡಿಸಿದವರೂ ಇಲ್ಲ.

ಆ ತಂಗಿ ನಮಗೆ ಹೇಳಿದ್ದು ಇದು: "ಎರಡನೇ ದಿನ ನಾನೇ ಅವನ ಕೈಗೆ ಫೋನ್ ಕೊಟ್ಟೆ ಸರ್. ಮಗಳ ಕೂಡ ಮಾತಾಡಿ ಅತ್ತ. ಆಮೇಲೆ ನನ್ನ ಹಣೆ ನೋಡಿ, ಇದು ಯಾರು ಹೊಡದ್ರು ಅಕ್ಕಾ ಅಂತ ಕೇಳಿದ." ಆಕೆ ಏನು ಉತ್ತರ ಕೊಟ್ಟಳೆಂದು ನಾವು ಕೇಳಲಿಲ್ಲ.

ನಮಗೇಕೆ ಈ ಗೊಡವೆ?

ಗಿರಣಿಯವರಿಗೂ ಅಂಗಡಿಯವರಿಗೂ ಇದರಿಂದ ಏನು ಎನ್ನುವವರಿದ್ದಾರೆ. ಸರಕಾರಿ ವಾರ್ಡಿನಲ್ಲಿ ಮಲಗುವವರು ಯಾರು? ಸಾಹುಕಾರನ ಮಗನಿಗೆ ಕಾಯಿಲೆಯಾದರೆ ಖಾಸಗಿ ಆಸ್ಪತ್ರೆ, ಸ್ವಂತ ಕೋಣೆ, ಸ್ವಂತ ನರ್ಸು. ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟವನು, ಗಿರಣಿ ಮುಚ್ಚಿ ಕುಡಿತಕ್ಕೆ ಬಿದ್ದವನು, ಬಡ್ಡಿ ಸಾಲಕ್ಕೆ ಅಂಗಡಿ ಕಳೆದುಕೊಂಡವನು ಬರುವುದು ಇಲ್ಲಿಗೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಒಂದು ಖಾತೆಯಲ್ಲಿ ನೂರು ಜನ ದುಡಿಯುತ್ತಿದ್ದರೆ ಲೆಕ್ಕ ಹಾಕಿಕೊಳ್ಳಿ.

ನಮ್ಮವರ ತಪ್ಪನ್ನೂ ಮುಚ್ಚುವುದಿಲ್ಲ. ಮನೆಯ ಹಿತ್ತಿಲಲ್ಲಿ ತಮ್ಮನನ್ನು ಕಂಬಕ್ಕೆ ಕಟ್ಟಿಹಾಕಿ, ಸಂಘದ ಸಭೆಗೆ ಬಂದು ಸ್ವಾತಂತ್ರ್ಯದ ಭಾಷಣಕ್ಕೆ ಚಪ್ಪಾಳೆ ತಟ್ಟುವವರು ನಮ್ಮಲ್ಲೂ ಇದ್ದಾರೆ. ಅವರೂ ಒಬ್ಬಂಟಿಗರೇ, ಅವರಿಗೂ ನೆರವಿಲ್ಲ ಎಂದು ಬಲ್ಲೆವು. ಆದರೂ ಆ ಹಗ್ಗ ಬಿಚ್ಚಬೇಕು. ಅವನನ್ನು ಆಸ್ಪತ್ರೆಗೆ ಕರೆತರಬೇಕು. ಬಂದವನಿಗೆ ಅಲ್ಲಿ ಇನ್ನೊಂದು ಹಗ್ಗ ಕಾದಿರಬಾರದು. ಅದಕ್ಕಾಗಿಯೇ ಈ ಹೋರಾಟ.

ಸರಕಾರದ ಮುಂದೆ ನಮ್ಮ ಬೇಡಿಕೆಗಳು ಇವು:

1. ಪ್ರತಿ ಮನೋರೋಗ ವಾರ್ಡಿನಲ್ಲಿ ಪ್ರತಿ ಪಾಳಿಗೂ, ಮುಖ್ಯವಾಗಿ ರಾತ್ರಿ ಪಾಳಿಗೆ, ಕನಿಷ್ಠ ಎಷ್ಟು ನರ್ಸುಗಳೆಂದು ನಿಗದಿ ಮಾಡಿ, ವಾರ್ಡಿನ ಬಾಗಿಲಲ್ಲೇ ಹಲಗೆಯ ಮೇಲೆ ಬರೆದು ಹಾಕಬೇಕು.

2. ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬಬೇಕು. ಈಗ ದುಡಿಯುತ್ತಿರುವ ಗುತ್ತಿಗೆಯವರನ್ನು ಕಾಯಂ ಮಾಡಬೇಕು.

3. ನರ್ಸು, ಅಟೆಂಡರು, ಕಾವಲುಗಾರ ಎಲ್ಲರಿಗೂ ರೋಗಿಯನ್ನು ಮಾತಿನಿಂದ ಶಾಂತಗೊಳಿಸುವ, ಅಪಾಯವಿಲ್ಲದೆ ಹಿಡಿಯುವ ತರಬೇತಿಯನ್ನು ಸಂಬಳದ ವೇಳೆಯಲ್ಲೇ, ಪ್ರತಿವರ್ಷ ಕೊಡಬೇಕು.

4. ಏಟು ತಿಂದ ನೌಕರರಿಗೆ ಅಂದೇ ಚಿಕಿತ್ಸೆ, ಸಂಬಳ ಸಹಿತ ರಜೆ, ಪರಿಹಾರ. ಘಟನೆಯ ಕಾರಣ ವಿಚಾರಿಸುವ ಮುನ್ನ ಮೆಮೊ ಕೊಡಕೂಡದು.

5. ಕಟ್ಟಿದ ಪ್ರತಿಯೊಂದು ಘಟನೆಯನ್ನೂ ಆ ಹೊತ್ತಿನಲ್ಲಿ ವಾರ್ಡಿನಲ್ಲಿದ್ದ ಸಿಬ್ಬಂದಿಯ ಸಂಖ್ಯೆಯ ಸಮೇತ ಬರೆದಿಡಬೇಕು. ರೋಗಿಯ ಮಾತನ್ನೂ ಅದರಲ್ಲಿ ದಾಖಲಿಸಬೇಕು.

ಐದನೆಯದು ಚಿಕ್ಕದಾಗಿ ಕಾಣುತ್ತದೆ. ಸರಕಾರ ಹೆಚ್ಚು ಹೆದರುವುದು ಅದಕ್ಕೇ. ಒಂದು ವರ್ಷ ಆ ಪುಸ್ತಕ ಸರಿಯಾಗಿ ಬರೆಯಲಿ. ಹಗ್ಗ ಕಟ್ಟಿದ ಕೈ ಯಾರದು, ಕಟ್ಟಿಸಿದ ಕೈ ಯಾರದು ಎಂಬುದು ಪುಟಪುಟದಲ್ಲೂ ಕಾಣುತ್ತದೆ.

ಬೊಕ್ಕಸದಲ್ಲಿ ಹಣವಿಲ್ಲ ಎಂಬ ಹಾಡನ್ನು ನಾವು ಬಹಳ ಸಲ ಕೇಳಿದ್ದೇವೆ. ಬೋನಸ್ ಕೇಳಿದಾಗ ಗಿರಣಿ ಮಾಲೀಕನೂ ಅದನ್ನೇ ಹಾಡಿದ. ನಾವು ಲೆಕ್ಕದ ಪುಸ್ತಕ ತೋರಿಸೆಂದೆವು. ಇಲ್ಲೂ ಅದನ್ನೇ ಹೇಳುತ್ತೇವೆ.

ಈ ಐದು ಬೇಡಿಕೆಗಳ ಠರಾವನ್ನು ಮುಂದಿನ ಗೇಟ್ ಸಭೆಯಲ್ಲಿ ಇಡುತ್ತೇವೆ. ಗಿರಣಿ ಸಂಘ, ಹಮಾಲರ ಸಂಘ, ಪೇಟೆಯ ವರ್ತಕರ ಸಂಘ ಮೂರೂ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇವೆ. ಸಹಿ ಮಾಡಿದ ಪ್ರತಿಯನ್ನು ಜಿಲ್ಲಾಧಿಕಾರಿಗೆ ಕೊಡಲು ಹೋಗುವಾಗ ನರ್ಸುಗಳನ್ನು ಮುಂದೆ ನಿಲ್ಲಿಸಿ ನಾವು ಹಿಂದೆ ನಿಲ್ಲೋಣ. ಆ ತಂಗಿಯ ಮೆಮೊಗೆ ಉತ್ತರ ಬರೆದುಕೊಟ್ಟಿದ್ದೇವೆ. ಅದರ ಕೊನೆಯ ಸಾಲು: 'ಆ ರಾತ್ರಿ ವಾರ್ಡಿನಲ್ಲಿ ಇರಬೇಕಾಗಿದ್ದು ಇಲ್ಲದವರ ಪಟ್ಟಿಯನ್ನು ದಯವಿಟ್ಟು ಒದಗಿಸುವುದು.'